ಆ್ಯಪ್, ವೆಬ್‌ಸೈಟ್, ರಂಪಣಿ: ಟೈಮರ್ ಇಟ್ಟು ಸ್ಕೆಚ್ ಮಾಡಲು ಯಾವುದು ಮೇಲು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಂಪಣಿಗೆ, ಅಂದ್ರೆ ದಡದಲ್ಲಿ ನಿಂತು ದೊಡ್ಡ ಬಲೆ ಎಳೆದು ಮೀನು ಹಿಡಿಯುವವರನ್ನು ನೋಡಿ ಬಿಡಿಸುವುದಕ್ಕೆ. ಕಾರವಾರದಲ್ಲಿ ಇದ್ದುಕೊಂಡು ಮನುಷ್ಯರ ಸ್ಕೆಚ್ ಕಲಿಯಲು ದುಡ್ಡು ಕೊಟ್ಟು ಆ್ಯಪ್ ಹಾಕಿಕೊಳ್ಳುವುದು ಬೇಡ. ಒಂದಕ್ಕೆ ವರ್ಷದ ಚಂದಾ ಕಟ್ಟಿ, ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ಆ್ಯಪ್ ಮನುಷ್ಯರ ಫೋಟೊಗಳನ್ನು ಒಂದೊಂದಾಗಿ ಇಷ್ಟು ಸೆಕೆಂಡು ಅಂತ ತೋರಿಸುತ್ತದೆ, ಅಷ್ಟರೊಳಗೆ ಬಿಡಿಸಬೇಕು. ಫೋಟೊಗಳು ಚೆನ್ನಾಗಿಯೇ ಇದ್ದವು. ತಲೆನೋವು ಅದರ ಬೀಪ್. ಪ್ರತಿ ಫೋಟೊದ ಕೊನೆಯ 5 ಸೆಕೆಂಡು ಬೀಪ್, ಬೀಪ್ ಎಂದು ಕೂಗುತ್ತದೆ. ಬಂದ್ ಮಾಡೋಣ ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಫೋನನ್ನೇ ಸೈಲೆಂಟ್ ಮಾಡಿದರೆ ಬೀಪ್ ಹೋಗಿ ಪರದೆ ಕೆಂಪಗೆ ಮಿನುಗುತ್ತದೆ! ದುಡ್ಡು ಕೊಟ್ಟವರಿಗೂ ಇದೇ ಗತಿ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ 30 ಸೆಕೆಂಡಿನ ಸ್ಕೆಚ್ಚಿನಲ್ಲಿ 5 ಸೆಕೆಂಡು ಅಂದ್ರೆ ಆರರಲ್ಲಿ ಒಂದು ಪಾಲು. ಆ 30 ಸೆಕೆಂಡಿನಲ್ಲಿ ಹಿಡಿಯಬೇಕಾದದ್ದು ಬೆನ್ನು ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟೇ. ಕಣ್ಣು-ಮೂಗಿಗೆ ಪುರುಸೊತ್ತು ಸಿಗಬಾರದು ಅಂತಲೇ ಟೈಮರ್ ಇಡುವುದು. ಬೀಪ್ ಶುರುವಾದ ಕೂಡಲೇ ಕೈ ಬಿಗಿಯುತ್ತದೆ. ಭುಜದಿಂದ ಬರಬೇಕಾದ ಉದ್ದ ಗೆರೆ ಬೆರಳ ತುದಿಯ ಪುಟ್ಟ ಪುಟ್ಟ ಗೀಚುಗಳಾಗುತ್ತದೆ. ಪರೀಕ್ಷಾ ಹಾಲ್‌ನಲ್ಲಿ ಕೊನೆಯ ಗಂಟೆ ಹೊಡೆದಾಗಿನ ಅಕ್ಷರದ ಹಾಗೆ.

ಲೈನ್ ಆಫ್ ಆ್ಯಕ್ಷನ್ ವೆಬ್‌ಸೈಟ್ ಇದಕ್ಕಿಂತ ಎಷ್ಟೋ ವಾಸಿ. ಪುಕ್ಕಟೆ ಬೇರೆ. ಅದರ ಅರ್ಧ ಗಂಟೆಯ ಕ್ಲಾಸಿನಲ್ಲಿ 30 ಸೆಕೆಂಡಿನ 10 ಚಿತ್ರ, 1 ನಿಮಿಷದ 5, 5 ನಿಮಿಷದ 2, ಕೊನೆಗೆ 10 ನಿಮಿಷದ 1 ಬರುತ್ತವೆ. ಮೈಯ ಅಳತೆ ಕಲಿಯಲು ಒಳ್ಳೆಯದು. ಬಟ್ಟೆ ತೊಟ್ಟವರನ್ನೂ ಆರಿಸಿಕೊಳ್ಳಬಹುದು. ಆದರೆ ಸೀರೆ ಎತ್ತಿ ಕಟ್ಟಿ, ತಲೆ ಮೇಲೆ ಬುಟ್ಟಿ ಹೊತ್ತು, ಸೊಂಟ ತಿರುಗಿಸಿ ನಡೆಯುವವಳು ನನಗೆ ಅಲ್ಲಿ ಇನ್ನೂ ಸಿಕ್ಕಿಲ್ಲ.

ಅವಳು ಸಿಗುವುದು ನಮ್ಮ ಮೀನುಪೇಟೆಯಲ್ಲೇ, ಅಲ್ವಾ?

ಓಡಾಡುವವರನ್ನು ಬಿಡಿಸುವುದು ಕಷ್ಟ, ಗೆರೆ ಎಳೆಯುವಷ್ಟರಲ್ಲಿ ಹೋಗಿಬಿಡುತ್ತಾರೆ ಎಂದು ಹಲವರು ಹೆದರುತ್ತಾರೆ. ಹೌದು, ಬಸ್‌ಸ್ಟ್ಯಾಂಡಿನಲ್ಲಿ ಹಾಗೇ ಆಗುತ್ತದೆ. ರಂಪಣಿಯಲ್ಲಿ ಆಗುವುದಿಲ್ಲ. ದೋಣಿಯಲ್ಲಿ ಹೋಗಿ ಅರ್ಧ ಸುತ್ತು ಬಲೆ ಬಿಟ್ಟು, ದಡದಲ್ಲಿ ಎರಡು ಗುಂಪಾಗಿ ನಿಂತು ಎರಡೂ ತುದಿಯ ಹಗ್ಗ ಎಳೆಯುತ್ತಾರೆ. ಹಿಮ್ಮಡಿ ಮರಳಿಗೆ ಊರಿ, ಮೈಯನ್ನು ಹಿಂದಕ್ಕೆ ವಾಲಿಸಿ ಎಳೆತ. ಒಂದು ಹೆಜ್ಜೆ ಹಿಂದೆ. ಮತ್ತೆ ಅದೇ ಭಂಗಿ. ಮೊದಲ ಸಲ ಬೆನ್ನಿನ ಗೆರೆ ತಪ್ಪಿದರೆ ಮುಂದಿನ ಎಳೆತಕ್ಕೆ ಅದೇ ಬೆನ್ನು ವಾಪಸ್ ಬರುತ್ತದೆ. ಆಗ ತಿದ್ದಿಕೊಳ್ಳಬಹುದು. ಫೋಟೊ ಹೋದರೆ ಹೋಯಿತು, ಮುಂದಿನದು ಬೇರೆಯದೇ. ನನ್ನ ಗೆರೆ ಸುಧಾರಿಸಿದ್ದು ಈ ಮರುಕಳಿಕೆಯಿಂದ. ಟೈಮರ್ ಬೇಕೇ ಆಗಲಿಲ್ಲ.

ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಗಿದೆ, ದಿನಾ ನೋಡಲು ಸಿಗುವುದಿಲ್ಲ. ಇಲ್ಲದ ದಿನ ಮೀನು ಕೊಯ್ಯುವವರು ಇದ್ದೇ ಇದ್ದಾರೆ. ಕೂತ ಕಡೆಯೇ ಅದೇ ಕೈ, ಅದೇ ತಿರುವು. ಹಿಂದೆ ನಿಂತು "ನಂದೂ ಒಂದು ತೆಗೀರಿ" ಅನ್ನುವವರ ಕಾಟ ಮಾತ್ರ ಇರುತ್ತದೆ. ಅವರನ್ನೇ ನಿಲ್ಲಿಸಿ 2 ನಿಮಿಷದಲ್ಲಿ ಬಿಡಿಸಿ ಕೊಟ್ಟರೆ ಆಯಿತು.

ಯಕ್ಷಗಾನವನ್ನೂ ನೋಡಿದೆ. ವೇಷಕ್ಕೆ ಬೆಳಕಿರುತ್ತದೆ, ನಮ್ಮ ಹಾಳೆಗೆ ಇರುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಇಲ್ಲಿನ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಹಾಕಿಕೊಂಡಿರುತ್ತವೆ. ಮಳೆ ಬಿಟ್ಟಾಗ 10 ನಿಮಿಷದ ಸ್ಕೆಚ್ಚಿಗೆ ಅವು ಸಾಕು. ಮಳೆ ಬಿಡದಿದ್ದರೆ ಮನೆಯಲ್ಲಿ ವೆಬ್‌ಸೈಟ್. ತಂಡಿಗೆ ಹಾಳೆ ಮೆತ್ತಗಾಗುವುದರಿಂದ ಶಾಯಿ ಪೆನ್ ಬೇಡ, ಬಾಲ್‌ಪೆನ್ನೇ ಇರಲಿ. ಅಳಿಸಲೂ ಬರುವುದಿಲ್ಲ, ಒಳ್ಳೆಯದೇ.

ನೌಕರಿಗೆ ಬೇರೆ ಊರಿಗೆ ಹೋಗುವವರಿಗೆ, ರಾತ್ರಿ ಮಾತ್ರ ಬಿಡುವು ಸಿಗುವವರಿಗೆ ವೆಬ್‌ಸೈಟೇ ಸರಿ. ನನಗೆ ಬೆಳಿಗ್ಗೆ ಮೀನು ತರಲು ಹೇಗೂ ಪೇಟೆಗೆ ಹೋಗಬೇಕು. ಚೀಲದಲ್ಲಿ ಒಂದು ರಫ್ ಪುಸ್ತಕ, 10 ರೂಪಾಯಿಯ ಪೆನ್ ಇಟ್ಟುಕೊಂಡರೆ ಖರ್ಚು ಅಲ್ಲಿಗೆ ಮುಗಿಯಿತು. ಸ್ಕೆಚ್ ಮೊದಲು, ಮೀನು ಆಮೇಲೆ. ಬಿಸಿಲಲ್ಲಿ ಬಂಗಡೆ ಹಿಡಿದುಕೊಂಡು ಚಿತ್ರ ಬಿಡಿಸಲು ಆಗುವುದಿಲ್ಲ.