ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಲೆಕ್ಕ: ‘ಸ್ಲೇವ್ ವಾಯೇಜಸ್’ ಜಾಲತಾಣ

ಆಫ್ರಿಕನ್ನರನ್ನು ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಿದ ಹಡಗುಗಳ ದಾಖಲೆಗಳನ್ನು ಒಂದೆಡೆ ಕೂಡಿಸಿರುವ ‘ಸ್ಲೇವ್ ವಾಯೇಜಸ್’ ಜಾಲತಾಣವನ್ನು ಇತಿಹಾಸದ ವಿದ್ಯಾರ್ಥಿಗಳಷ್ಟೇ ಅಲ್ಲ, ದತ್ತಾಂಶ ವಿಶ್ಲೇಷಣೆ ಕಲಿಯುತ್ತಿರುವವರೂ ಬಳಸಬೇಕು. ಇತಿಹಾಸಕಾರ ಡೇವಿಡ್ ಎಲ್ಟಿಸ್ ಮತ್ತು ಸಂಗಡಿಗರು 1999ರಲ್ಲಿ 27,000ಕ್ಕೂ ಹೆಚ್ಚು ಯಾನಗಳ ವಿವರಗಳನ್ನು ಸಿ.ಡಿ. ರೂಪದಲ್ಲಿ ಹೊರತಂದಿದ್ದರು, 2008ರಲ್ಲಿ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮೂಲಕ ಅದು ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ಈಗ ಅದರಲ್ಲಿ 1514ರಿಂದ 1866ರವರೆಗಿನ 36,000ಕ್ಕೂ ಹೆಚ್ಚು ಯಾನಗಳಿವೆ.

ಹೊಸಬರು ಮೊದಲು ತಿಳಿಯಬೇಕಾದದ್ದು, ಇಲ್ಲಿ ಯಾನಗಳ ಪಟ್ಟಿ ಬೇರೆ, ಅಂದಾಜುಗಳ ವಿಭಾಗ ಬೇರೆ ಎಂಬುದು. ಪಟ್ಟಿಯಲ್ಲಿರುವುದು ದಾಖಲೆ ಸಿಕ್ಕಿದ ಹಡಗುಗಳು ಮಾತ್ರ. ದಾಖಲೆ ಅಳಿದುಹೋದ ಯಾನಗಳನ್ನೂ ಲೆಕ್ಕಕ್ಕೆ ತಂದಾಗ, ಹಡಗು ಹತ್ತಿಸಲಾದವರು ಸುಮಾರು 1 ಕೋಟಿ 25 ಲಕ್ಷ, ಜೀವಂತವಾಗಿ ದಡ ಸೇರಿದವರು ಸುಮಾರು 1 ಕೋಟಿ 7 ಲಕ್ಷ ಎಂಬ ಅಂದಾಜು ಹೊರಡುತ್ತದೆ. ಇವೆರಡನ್ನು ಬೆರೆಸಿದರೆ ಲೆಕ್ಕ ಕೆಡುತ್ತದೆ. ಪಟ್ಟಿಯೊಳಗೂ ಮೂಲ ದಾಖಲೆಯಿಂದ ಬಂದ ಅಂಕಿಯನ್ನೂ ಸಂಪಾದಕರು ಲೆಕ್ಕಹಾಕಿ ತುಂಬಿದ ಅಂಕಿಯನ್ನೂ ಪ್ರತ್ಯೇಕವಾಗಿ ಇಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಗುಲಾಮಗಿರಿ ಎಂದೊಡನೆ ಅಮೆರಿಕ ಸಂಯುಕ್ತ ಸಂಸ್ಥಾನವನ್ನೇ ನೆನೆಯುವವರು ಅಂದಾಜುಗಳ ವಿಭಾಗವನ್ನು ಖಂಡಿತ ನೋಡಬೇಕು: ಆಫ್ರಿಕದಿಂದ ನೇರವಾಗಿ ಉತ್ತರ ಅಮೆರಿಕದ ಮುಖ್ಯ ಭೂಭಾಗಕ್ಕೆ ಬಂದಿಳಿದವರು 4 ಲಕ್ಷಕ್ಕಿಂತ ಕಡಿಮೆ, ಬ್ರೆಜಿಲ್‌ಗೆ 48 ಲಕ್ಷಕ್ಕೂ ಹೆಚ್ಚು.

ಆದರೆ ಈ ಲೆಕ್ಕದ ಮೂಲ ಬಹುಪಾಲು ವ್ಯಾಪಾರಿಗಳ, ಬಂದರು ಅಧಿಕಾರಿಗಳ ಕಡತಗಳು. ಆದ್ದರಿಂದ ಒಂದೊಂದು ಸಾಲೂ ಒಂದೊಂದು ಹಡಗು ಯಾನದ್ದು, ಮನುಷ್ಯರದಲ್ಲ. 1781ರಲ್ಲಿ 442 ಜನರನ್ನು ತುಂಬಿಕೊಂಡು ಹೊರಟ ‘ಝಾಂಗ್’ ಹಡಗು ಜಮೈಕಾ ತಲುಪಿದಾಗ ಉಳಿದಿದ್ದವರು 208. ಹಡಗಿನವರು 130ಕ್ಕೂ ಹೆಚ್ಚು ಮಂದಿಯನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದಿದ್ದರು. ಮಾಲೀಕರು ಅವರಿಗಾಗಿ ವಿಮೆಯ ಹಣ ಕೇಳಿದ ವ್ಯಾಜ್ಯ 1783ರಲ್ಲಿ ಲಂಡನ್ನಿನಲ್ಲಿ ನಡೆಯಿತು. ರೋಗದಿಂದ ಸತ್ತವರನ್ನೂ ಕೊಲೆಯಾದವರನ್ನೂ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಬೇರ್ಪಡಿಸಿ ತೋರಿಸಲಾರದು. ಮರಣ ಪ್ರಮಾಣದ ಸರಾಸರಿ ತೆಗೆಯುವವರು ಇದನ್ನು ಮರೆಯಬಾರದು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಆಫ್ರಿಕನ್ನರ ಹೆಸರುಗಳ ವಿಭಾಗ. ಗುಲಾಮ ವ್ಯಾಪಾರ ನಿಷೇಧವಾದ ಮೇಲೆ ಸೆರೆಹಿಡಿದ ಗುಲಾಮ ಹಡಗುಗಳಿಂದ ಬಿಡುಗಡೆಯಾಗಿ ಸಿಯೆರಾ ಲಿಯೋನ್‌ನ ಫ್ರೀಟೌನ್ ಮತ್ತು ಕ್ಯೂಬಾದ ಹವಾನಾದ ನ್ಯಾಯಮಂಡಳಿಗಳ ದಫ್ತರಗಳಲ್ಲಿ ನಮೂದಾದ 91,000ಕ್ಕೂ ಹೆಚ್ಚು ಜನರ ಹೆಸರು, ವಯಸ್ಸು, ಲಿಂಗದ ವಿವರಗಳು ಅಲ್ಲಿವೆ. ನನ್ನ ದೃಷ್ಟಿಯಲ್ಲಿ ಇಡೀ ತಾಣದ ಅತಿ ಬೆಲೆಯುಳ್ಳ ಭಾಗ ಇದೇ.

ದತ್ತಾಂಶವನ್ನು ಇಳಿಸಿಕೊಳ್ಳಬಹುದು, ಕಾಲಮ್‌ಗಳು ಬಹಳ ಇರುವುದರಿಂದ ಅವುಗಳ ಅರ್ಥ ತಿಳಿಸುವ, ಜೊತೆಗಿರುವ ಸಂಕೇತ ವಿವರಣೆಯನ್ನು ಓದದೆ ಕೆಲಸ ಆರಂಭಿಸಬಾರದು. ಮೊಬೈಲಿಗಿಂತ ಕಂಪ್ಯೂಟರ್ ಅನುಕೂಲ. ಯಲ್ಲಾಪುರ, ಹಳಿಯಾಳದ ಆಫ್ರಿಕನ್ ಮೂಲದ ಸಿದ್ದಿಗಳ ಪೂರ್ವಿಕರ ಜಾಡನ್ನು ಹುಡುಕುವವರಿಗೆ ಅಟ್ಲಾಂಟಿಕ್ ಯಾನಗಳ ಈ ಪಟ್ಟಿ ನೆರವಾಗದು. ಅವರು ಬಂದದ್ದು ಹಿಂದೂ ಮಹಾಸಾಗರದ ದಾರಿಯಲ್ಲಿ, ಬಹುಪಾಲು ಪೋರ್ಚುಗೀಸರ ಗೋವೆಯ ಮೂಲಕ.