ಮ್ಯಾಪ್ ಗ್ರೋತ್ ಪರೀಕ್ಷೆ: ನಾಲ್ಕು ವರ್ಷ, ಹನ್ನೆರಡು ಸುತ್ತುಗಳ ನಂತರ

ನನ್ನ ಮಗಳು ಎರಡನೇ ತರಗತಿಗೆ ಸೇರಿದ 2021ರ ಸೆಪ್ಟೆಂಬರಿನಲ್ಲಿ ಮ್ಯಾಪ್ ಗ್ರೋತ್ ಎಂಬ ಆನ್‌ಲೈನ್ ಪರೀಕ್ಷೆಗೆ ಮೊದಲ ಸಲ ಕುಳಿತಳು. ನಾವು ಇರುವುದು ಅಮೆರಿಕದ ಷಿಕಾಗೋ ನಗರದ ಹೊರವಲಯದಲ್ಲಿ. ಇಲ್ಲಿನ ನಮ್ಮ ಶಾಲೆಯಲ್ಲಿ ಈ ಪರೀಕ್ಷೆ ವರ್ಷಕ್ಕೆ ಮೂರು ಬಾರಿ, ಶಾಲೆ ಆರಂಭವಾದಾಗ, ಚಳಿಗಾಲದ ನಡುವೆ ಮತ್ತು ಬೇಸಿಗೆ ರಜೆಗೆ ಮುನ್ನ, ಗಣಿತ ಮತ್ತು ಇಂಗ್ಲಿಷ್ ಓದಿಗೆ ನಡೆಯುತ್ತದೆ. ಐದನೇ ತರಗತಿ ಮುಗಿಸುವಷ್ಟರಲ್ಲಿ ಅವಳು ಹನ್ನೆರಡು ಸುತ್ತು ಬರೆದಿದ್ದಳು. ಆ ವರದಿಗಳನ್ನೆಲ್ಲ ಒಂದು ಕಡತದಲ್ಲಿ ಕೂಡಿಟ್ಟುಕೊಂಡಿದ್ದೇನೆ. ಈ ಊರಿಗೆ ಹೊಸದಾಗಿ ಬರುವ ಕನ್ನಡದ ಕುಟುಂಬಗಳು ಇದರ ಬಗ್ಗೆ ಮತ್ತೆ ಮತ್ತೆ ಕೇಳುವುದರಿಂದ, ಈ ಪರೀಕ್ಷೆ ನಮಗೆ ಎಲ್ಲಿ ನೆರವಾಯಿತು, ಎಲ್ಲಿ ನಾವು ಅದನ್ನು ತಪ್ಪಾಗಿ ಓದಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಫಲಿತಾಂಶ ಬಂದಾಗ ಶಿವಮೊಗ್ಗದಿಂದ ನಮ್ಮ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನೂರಕ್ಕೆ ಎಷ್ಟು ಬಂತು ಪುಟ್ಟಿ?" ಗಣಿತದಲ್ಲಿ ಅವಳಿಗೆ 186 ಬಂದಿತ್ತು. ಆದರೆ ಅದು ಎಷ್ಟಕ್ಕೆ 186 ಎಂದು ಹೇಳಲು ನನ್ನಿಂದ ಆಗಲಿಲ್ಲ, ಏಕೆಂದರೆ ಈ ಅಂಕಕ್ಕೆ 'ಇಷ್ಟಕ್ಕೆ ಇಷ್ಟು' ಎಂಬ ಲೆಕ್ಕವೇ ಇಲ್ಲ. ಇದನ್ನು ರಿಟ್ ಅಂಕ ಎನ್ನುತ್ತಾರೆ. ಡೆನ್ಮಾರ್ಕಿನ ಗಣಿತಜ್ಞ ಗೇಯಾರ್ಗ್ ರಾಶ್ ರೂಪಿಸಿದ ಮಾದರಿಯನ್ನು ಆಧರಿಸಿದ ಈ ಅಳತೆಪಟ್ಟಿಯಲ್ಲಿ ಪ್ರಶ್ನೆಯ ಕಠಿಣತೆಯೂ ಮಗುವಿನ ಮಟ್ಟವೂ ಒಂದೇ ಗೆರೆಯ ಮೇಲೆ ಗುರುತಾಗುತ್ತವೆ. ಗೋಡೆಯ ಮೇಲೆ ಗೆರೆ ಎಳೆದು ಮಗುವಿನ ಎತ್ತರವನ್ನು ವರ್ಷವರ್ಷವೂ ಗುರುತು ಹಾಕುತ್ತೇವಲ್ಲ, ಇದು ಹಾಗೆಯೇ ಎಂದು ಅಮ್ಮನಿಗೆ ವಿವರಿಸಿದ ಮೇಲೆ ಅವರಿಗೂ ಸಮಾಧಾನವಾಯಿತು, ನನಗೂ ವಿಷಯ ಸ್ಪಷ್ಟವಾಯಿತು.

ಮಗು ಸರಿಯಾಗಿ ಉತ್ತರಿಸಿದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಒಂದು ವಿಷಯಕ್ಕೆ ಸುಮಾರು 40 ಪ್ರಶ್ನೆಗಳಿರುತ್ತವೆ. ಸಮಯದ ಮಿತಿ ಇಲ್ಲ, ಆದರೆ ಕೊಟ್ಟ ಉತ್ತರವನ್ನು ತಿದ್ದಲು ಹಿಂದಕ್ಕೆ ಹೋಗುವಂತಿಲ್ಲ. ಹೀಗೆ ಪ್ರಶ್ನೆಗಳು ಮಗುವಿನ ಮಟ್ಟವನ್ನೇ ಹುಡುಕಿಕೊಂಡು ಬರುವುದರಿಂದ ಯಾವ ಮಗುವಾದರೂ ಸರಿಸುಮಾರು ಅರ್ಧದಷ್ಟು ಪ್ರಶ್ನೆಗಳಿಗೆ ಮಾತ್ರ ಸರಿಯುತ್ತರ ಕೊಡುತ್ತದೆ. ಹಾಗಾಗಬೇಕೆಂದೇ ಪರೀಕ್ಷೆಯನ್ನು ಕಟ್ಟಲಾಗಿದೆ. ಇದನ್ನು ನಮಗೆ ಮೊದಲೇ ಯಾರೂ ಹೇಳಲಿಲ್ಲ. ತರಗತಿಯ ಕಾಗುಣಿತ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತೆಗೆದುಕೊಂಡು ಬರುತ್ತಿದ್ದ ಏಳು ವರ್ಷದ ಹುಡುಗಿ ಆ ದಿನ ಸಂಜೆ ಮನೆಗೆ ಬಂದು, ತನಗೆ ಏನೂ ಬರುವುದಿಲ್ಲವೆಂದು ಅತ್ತಳು. ಅವಳು ಚೆನ್ನಾಗಿ ಉತ್ತರಿಸುತ್ತ ಹೋದುದರಿಂದಲೇ ಪ್ರಶ್ನೆಗಳು ಅವಳ ಕೈಮೀರಿ ಹೋಗಿದ್ದವು. ಚಳಿಗಾಲದ ಸುತ್ತಿಗೆ ಮುನ್ನ ನಾನು ಅವಳನ್ನು ಕೂರಿಸಿಕೊಂಡು, ಗೊತ್ತಿಲ್ಲದ ಪ್ರಶ್ನೆ ಬಂತೆಂದರೆ ನೀನು ನಿನ್ನ ಗೆರೆಯ ಹತ್ತಿರ ತಲುಪಿದ್ದೀಯೆಂದು ಅರ್ಥ, ಯೋಚಿಸಿ ಒಂದು ಉತ್ತರ ಕೊಟ್ಟು ಮುಂದೆ ಹೋಗು ಎಂದು ತಿಳಿಸಿದೆ. ಆ ಬಳಿಕ ಅವಳು ಈ ಪರೀಕ್ಷೆಯ ಕಾರಣಕ್ಕೆ ಎಂದೂ ಅಳಲಿಲ್ಲ. ಹನ್ನೆರಡು ಸುತ್ತುಗಳಲ್ಲಿ ನಾವು ಮಾಡಿದ ಅತ್ಯಂತ ಉಪಯುಕ್ತ ತಯಾರಿ ಆ ಹತ್ತು ನಿಮಿಷದ ಮಾತುಕತೆಯೇ. ಅಭ್ಯಾಸದ ಪ್ರಶ್ನೆಗಳನ್ನು ಮಾರುವ ಒಂದು ಜಾಲತಾಣಕ್ಕೆ ಹಣ ಕಟ್ಟಿದ್ದೂ ಉಂಟು. ಅಲ್ಲಿನ ಪ್ರಶ್ನೆಗಳೆಲ್ಲ ಒಂದೇ ಮಟ್ಟದವಾಗಿದ್ದವು, ಅವುಗಳಿಂದ ಮಗುವಿಗೆ ಆಯಾಸವಾಯಿತೇ ಹೊರತು ಪ್ರಯೋಜನವಾಗಲಿಲ್ಲ.

ಈ ವಿಧಾನ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. 1905ರಲ್ಲಿ ಪ್ಯಾರಿಸ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ, ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಪರೀಕ್ಷೆಯೊಂದನ್ನು ರೂಪಿಸಿದರು. ಮಗುವಿನ ಉತ್ತರ ನೋಡಿಕೊಂಡು ಪರೀಕ್ಷಕರೇ ಮೇಲಿನ ಅಥವಾ ಕೆಳಗಿನ ಮಟ್ಟದ ಪ್ರಶ್ನೆಗಳಿಗೆ ಹೋಗುವ ಕ್ರಮ ಆ ಪರಂಪರೆಯಲ್ಲೇ ಬೆಳೆಯಿತು. ನೆರವು ಬೇಕಾದವರನ್ನು ಹುಡುಕುವುದು ಅದರ ಉದ್ದೇಶವಾಗಿತ್ತು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ನಮ್ಮ ಪೋಷಕರ ಮಾತುಕತೆಗಳಲ್ಲಿ ಈ ಅಂಕಗಳು ಬಹುಮಟ್ಟಿಗೆ ಯಾರ ಮಗು ಮುಂದೆ ಎಂಬುದಕ್ಕಷ್ಟೇ ಬಳಕೆಯಾಗುತ್ತವೆ.

ಇನ್ನೊಂದು ತಪ್ಪು ತಿಳುವಳಿಕೆಯೂ ವ್ಯಾಪಕವಾಗಿದೆ. ಮ್ಯಾಪ್ ಗ್ರೋತ್ ಮಗುವಿನ ಸಹಜ ಬುದ್ಧಿಶಕ್ತಿಯನ್ನು ಅಳೆಯುವುದಿಲ್ಲ, ಅದುವರೆಗೆ ಕಲಿತದ್ದನ್ನು ಅಳೆಯುತ್ತದೆ. ಸಾಮರ್ಥ್ಯವನ್ನು ಅಳೆಯಲು ಇಲ್ಲಿನ ಶಾಲೆಗಳು ಸಾಮಾನ್ಯವಾಗಿ ಬಳಸುವುದು ಕಾಗ್ಯಾಟ್ ಎಂಬ ಬೇರೆಯೇ ಪರೀಕ್ಷೆಯನ್ನು. ಅದರಲ್ಲಿ ಪದ, ಸಂಖ್ಯೆ ಮತ್ತು ಆಕೃತಿಗಳಿಗೆ ಸಂಬಂಧಿಸಿದ ಮೂರು ಭಾಗಗಳಿದ್ದು, ಸರಾಸರಿಯನ್ನು 100 ಎಂದು ಇಟ್ಟಿರುತ್ತಾರೆ. ಎರಡರ ಅಂಕಗಳನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವ ಪೋಷಕರನ್ನು ಕಂಡಿದ್ದೇನೆ. ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದೆ.

ಮೂರನೇ ತರಗತಿಯ ಆರಂಭದಲ್ಲಿ ಓದಿನ ಅಂಕ ಏಳು ಕೆಳಗಿಳಿದಾಗ ನಾವು ನಿಜವಾಗಿಯೂ ಗಾಬರಿಯಾದೆವು. ರಜೆಯಲ್ಲಿ ಊರಿಗೆ ಹೋಗಿ ಎರಡು ತಿಂಗಳು ಕನ್ನಡದಲ್ಲೇ ಕಳೆದದ್ದು ಕಾರಣವಿರಬಹುದೇ ಎಂದು ಮನೆಯಲ್ಲಿ ಚರ್ಚೆಯೂ ಆಯಿತು. ಮನೆಯಲ್ಲಿ ಕನ್ನಡ ಮಾತಾಡುವುದನ್ನು ಕಡಿಮೆ ಮಾಡಬೇಕೆಂದು ಹಿತೈಷಿಯೊಬ್ಬರು ಸಲಹೆ ಕೊಟ್ಟರು. ನವೆಂಬರಿನಲ್ಲಿ ಶಿಕ್ಷಕಿಯನ್ನು ಭೇಟಿಯಾದಾಗ ಬೇರೆಯೇ ಕಾರಣ ತಿಳಿಯಿತು. ಎರಡನೇ ತರಗತಿಯವರೆಗೆ ನಮ್ಮ ಶಾಲೆ ಬಳಸುತ್ತಿದ್ದ ಚಿಕ್ಕ ಮಕ್ಕಳ ಆವೃತ್ತಿಯಲ್ಲಿ ಪ್ರಶ್ನೆಗಳನ್ನು ಹೆಡ್‌ಫೋನಿನಲ್ಲಿ ಓದಿ ಹೇಳಲಾಗುತ್ತದೆ. ಮುಂದಿನ ಆವೃತ್ತಿಯಲ್ಲಿ ಮಗು ಸ್ವತಃ ಓದಿಕೊಳ್ಳಬೇಕು. ಆ ದಾಟುವಿಕೆಯಲ್ಲಿ ಅನೇಕ ಮಕ್ಕಳ ಅಂಕ ತುಸು ಇಳಿಯುತ್ತದೆ. ಶಾಲೆಯವರು ವರದಿಯೊಂದಿಗೆ ಒಂದು ಸಾಲು ಬರೆದು ಕಳಿಸಿದ್ದರೆ ಎರಡು ತಿಂಗಳ ಆತಂಕ ತಪ್ಪುತ್ತಿತ್ತು. ನಾವು ಕನ್ನಡವನ್ನು ಬಿಡಲಿಲ್ಲ. ವಸಂತದ ಸುತ್ತಿನಲ್ಲಿ ಅಂಕ ತಾನಾಗಿ ಮೇಲೆ ಬಂತು. ಅವಳು ಭಾನುವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರಗಳನ್ನು ಸರಾಗವಾಗಿ ಓದಲು ಕಲಿತದ್ದೂ ಅದೇ ವರ್ಷ. ಈ ಪರೀಕ್ಷೆಯ ಕಣ್ಣಿಗೆ ಅದು ಬೀಳುವುದಿಲ್ಲ, ಬೀಳಲು ಸಾಧ್ಯವೂ ಇಲ್ಲ.

ವರದಿಯಲ್ಲಿ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಒಟ್ಟು ಅಂಕವಲ್ಲ, ಅದರ ಕೆಳಗಿರುವ ವಿಭಾಗವಾರು ವಿವರ. ಗಣಿತದ ಉಳಿದೆಲ್ಲ ವಿಭಾಗಗಳಲ್ಲಿ ಚೆನ್ನಾಗಿದ್ದ ಮಗಳು ಅಳತೆಯ ವಿಭಾಗದಲ್ಲಿ ಮಾತ್ರ ಸತತವಾಗಿ ಹಿಂದುಳಿಯುತ್ತಿದ್ದಳು. ಮನೆಯಲ್ಲಿ ನಾವು ಕೆಜಿ, ಲೀಟರು, ಸೆಂಟಿಮೀಟರುಗಳಲ್ಲೇ ಮಾತಾಡುತ್ತೇವೆ. ಶಾಲೆಯಲ್ಲಿ ಅಡಿ, ಇಂಚು, ಔನ್ಸ್, ಕಪ್ಪು, ಗ್ಯಾಲನ್ನುಗಳು. ಅಡಿಗೆ ಹನ್ನೆರಡು ಇಂಚು, ಪೌಂಡಿಗೆ ಹದಿನಾರು ಔನ್ಸ್ ಎಂಬುದು ಅವಳ ಬಾಯಲ್ಲಿ ಇತ್ತು, ಕೈಗೆ ಬಂದಿರಲಿಲ್ಲ. ಆ ವರ್ಷ ಇಡ್ಲಿಗೆ ಅಕ್ಕಿ, ಉದ್ದು ಅಳೆದು ನೆನೆಹಾಕುವುದು, ಕೊರಿಯರ್ ಪೆಟ್ಟಿಗೆಗಳನ್ನು ಇಂಚುಪಟ್ಟಿಯಿಂದ ಅಳೆಯುವುದು ಅವಳ ಕೆಲಸವಾಯಿತು. ಎರಡು ಸುತ್ತುಗಳಲ್ಲಿ ಆ ವಿಭಾಗ ಉಳಿದವುಗಳ ಸಮಕ್ಕೆ ಬಂತು. ಮಗು ಎಷ್ಟು ಕಠಿಣತೆಯ ಪುಸ್ತಕ ಓದಬಲ್ಲದು ಎಂದು ಸೂಚಿಸಲು ಓದಿನ ವರದಿಯಲ್ಲಿ ಕೊಡುವ ಲೆಕ್ಸೈಲ್ ವ್ಯಾಪ್ತಿಯೂ ಗ್ರಂಥಾಲಯದಲ್ಲಿ ಪುಸ್ತಕ ಆರಿಸಲು ನೆರವಾಯಿತು.

ನನ್ನ ದೊಡ್ಡ ಅಸಮಾಧಾನವಿರುವುದು ಅಂಕವನ್ನು ಬಳಸುವ ರೀತಿಯ ಬಗ್ಗೆ. ಮೂರನೇ ತರಗತಿಯ ಕೊನೆಗೆ ಗಣಿತದ ವಿಶೇಷ ತರಗತಿಗೆ ಮಕ್ಕಳನ್ನು ಆರಿಸುವಾಗ ಶಾಲೆ 95ನೇ ಪರ್ಸೆಂಟೈಲನ್ನು, ಅಂದರೆ ಅದೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 95 ಮಂದಿಗಿಂತ ಮುಂದಿರುವ ಸ್ಥಾನವನ್ನು, ಗಡಿಯಾಗಿ ಇಟ್ಟಿತ್ತು. ಮಗಳಿಗೆ 94 ಬಂದಿತ್ತು. ಪ್ರತಿ ರಿಟ್ ಅಂಕದಲ್ಲೂ ಸುಮಾರು ಮೂರು ಅಂಕಗಳಷ್ಟು ಅತ್ತಿತ್ತ ಆಗುವ ಅಳತೆಯ ದೋಷ ಇದ್ದೇ ಇರುತ್ತದೆ, ಪರೀಕ್ಷೆ ರೂಪಿಸಿದ ಎನ್‌ಡಬ್ಲ್ಯೂಇಎ ಸಂಸ್ಥೆ ಅದನ್ನು ಮುಚ್ಚಿಡುವುದಿಲ್ಲ. ಅಂದಮೇಲೆ 94 ಮತ್ತು 95ರ ನಡುವೆ ಮಕ್ಕಳನ್ನು ಬೇರ್ಪಡಿಸುವಷ್ಟು ಸೂಕ್ಷ್ಮತೆ ಒಂದು ದಿನದ ಪರೀಕ್ಷೆಗೆ ಇಲ್ಲ. ನಾನು ಇದನ್ನು ಬರೆದು ಕಳಿಸಿದಾಗ, ನಿಯಮ ಎಲ್ಲರಿಗೂ ಒಂದೇ ಎಂಬ ಉತ್ತರ ಬಂತು. ಗಡಿಯ ಬಳಿಯಿರುವ ಮಕ್ಕಳಿಗೆ ಎರಡು ಸುತ್ತುಗಳ ಅಂಕ ಮತ್ತು ಶಿಕ್ಷಕರ ಅಭಿಪ್ರಾಯ ಎರಡನ್ನೂ ನೋಡುವುದು ನ್ಯಾಯವೆಂದು ನಾನು ಈಗಲೂ ನಂಬುತ್ತೇನೆ.

ಮಕ್ಕಳು ದೊಡ್ಡವರಾದಂತೆ ಬೆಳವಣಿಗೆಯ ವೇಗ ಕಡಿಮೆಯಾಗುವುದನ್ನೂ ಗಮನಿಸಬೇಕು. ಎನ್‌ಡಬ್ಲ್ಯೂಇಎ ಸಂಸ್ಥೆಯ 2020ರ ಮಾನದಂಡಗಳ ಪ್ರಕಾರ ಮೂರನೇ ತರಗತಿಯ ಗಣಿತದ ಸರಾಸರಿ ವರ್ಷದ ಆರಂಭದಲ್ಲಿ 188ರ ಆಸುಪಾಸು, ಕೊನೆಯಲ್ಲಿ 201. ಐದನೇ ತರಗತಿಯಲ್ಲಿ ಅದು 209ರಿಂದ ಸುಮಾರು 219ಕ್ಕೆ ಏರುತ್ತದೆ. ಮೊದಲು ಹದಿಮೂರು ಏರುತ್ತಿದ್ದ ಅಂಕ ಈಗ ಹತ್ತೇ ಏರಿತೆಂದು ಮಗುವನ್ನು ಗದರಿಸಲು ಕಾರಣವಿಲ್ಲ. ನಮ್ಮ ಮಗಳ 186 ನಾಲ್ಕು ವರ್ಷಗಳಲ್ಲಿ 238 ಆಯಿತು, ನಡುವೆ ಮೂರು ಬಾರಿ ಇಳಿದೂ ಇತ್ತು.

ಆ ಇಳಿಕೆಗಳಲ್ಲಿ ಒಂದರ ಕಾರಣ ಸಿಕ್ಕಿದ್ದು ಆಕಸ್ಮಿಕವಾಗಿ. ನಾಲ್ಕನೇ ತರಗತಿಯ ಚಳಿಗಾಲದಲ್ಲಿ ಅವಳು ಗಣಿತವನ್ನು ಹತ್ತೊಂಬತ್ತು ನಿಮಿಷಗಳಲ್ಲಿ ಮುಗಿಸಿದ್ದಳು. ಸಾಮಾನ್ಯವಾಗಿ ಅವಳಿಗೆ ಐವತ್ತು ನಿಮಿಷ ಬೇಕಾಗುತ್ತಿತ್ತು. ಓದದೆ ಗುರುತು ಹಾಕುವುದನ್ನು ಈ ಪರೀಕ್ಷೆಯೇ ಪತ್ತೆಹಚ್ಚಿ, ಶಿಕ್ಷಕರಿಗೆ ಸೂಚನೆ ಕೊಡುತ್ತದೆ. ಆ ದಿನ ಅವಳಿಗೆ ಸಣ್ಣಗೆ ಜ್ವರವಿತ್ತು. ಮನೆಗೆ ಬರುವ ವರದಿಯಲ್ಲಿ ನಾವು ಈ ವಿವರವನ್ನು ಕಂಡಿರಲಿಲ್ಲ, ಶಿಕ್ಷಕಿ ತಮ್ಮ ಪರದೆಯಲ್ಲಿ ತೋರಿಸಿದರು. ಆದ್ದರಿಂದ ಅಂಕ ಅನಿರೀಕ್ಷಿತವಾಗಿ ಇಳಿದಾಗ, ಮಗುವನ್ನು ಕೇಳುವುದಕ್ಕೆ ಮೊದಲು, ಪರೀಕ್ಷೆಗೆ ಎಷ್ಟು ನಿಮಿಷ ತೆಗೆದುಕೊಂಡಳು ಎಂದು ಶಿಕ್ಷಕರಿಗೆ ಒಂದು ಪತ್ರ ಬರೆಯಿರಿ. ನಮಗೆ ಮರುದಿನವೇ ಉತ್ತರ ಬಂದಿತ್ತು, ಮುಂದಿನ ವಾರ ಅವಳಿಗೆ ಮತ್ತೊಮ್ಮೆ ಬರೆಯುವ ಅವಕಾಶವನ್ನೂ ಕೊಟ್ಟರು.