ಪಿಎಚ್‌ಪಿ 7.4 ಬಿಟ್ಟು 8ಕ್ಕೆ ಹೋದೆ: ಮೂರು ವರ್ಷ ಬಳಸಿದ ಮೇಲೆ

ಬಳಸಿದ್ದು: 2023ರ ಜನವರಿಯಿಂದ ಪಿಎಚ್‌ಪಿ (ವೆಬ್ ಪುಟಗಳ ಹಿಂದೆ ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) 8.1, ಈಗ 8.3. ಉಬುಂಟು ಸರ್ವರ್ (ಆಪರೇಟಿಂಗ್ ಸಿಸ್ಟಂ), ಅಪಾಚೆ (ಪುಟಗಳನ್ನು ಬ್ರೌಸರ್‌ಗೆ ಕಳಿಸುವ ಸಾಫ್ಟ್‌ವೇರ್), ಮೈಎಸ್‌ಕ್ಯೂಎಲ್ (ಡೇಟಾಬೇಸ್).
ಅಂಕ: 5ಕ್ಕೆ 4. ಮೊದಲ ತಿಂಗಳಲ್ಲಿ ಕೇಳಿದ್ದರೆ 1 ಕೊಡುತ್ತಿದ್ದೆ.

ನಾನು ಸಾಗರದಲ್ಲಿ ಕೂತು ಸುತ್ತಮುತ್ತಲಿನ ಅಂಗಡಿ, ಮಂಡಿಗಳಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದುಕೊಡುವವನು. ದೊಡ್ಡ ಕಂಪನಿಯಲ್ಲ, ಟೀಮೂ ಇಲ್ಲ. ಬರೆಯುವವನೂ ನಾನೇ, ಬೈಸಿಕೊಳ್ಳುವವನೂ ನಾನೇ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಒಂದು ಅಡಿಕೆ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ಕಥೆ. ತೂಕದ ಚೀಟಿ, ರೈತರ ಪಟ್ಟಿ (ಅಂದರೆ ಮಾರಾಟದ ಬಿಲ್ಲು), ಕಮಿಷನ್, ಹಮಾಲಿ ಎಲ್ಲವೂ ಅದರಲ್ಲೇ ಆಗುತ್ತದೆ. ಮೊದಲ ಸಾಲು ಬರೆದದ್ದು ಪಿಎಚ್‌ಪಿ 5.6ರ ಕಾಲದಲ್ಲಿ.

5ರಿಂದ 7ಕ್ಕೆ ಹೋದಾಗ ಅಷ್ಟೇನೂ ಕಷ್ಟವಾಗಿರಲಿಲ್ಲ. ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 7ರಲ್ಲಿ ಕಿತ್ತುಹಾಕಿದ್ದರು. ಎಡಿಟರ್‌ನಲ್ಲಿ ಹುಡುಕಿ, ಡೇಟಾಬೇಸ್ ಜೊತೆ ಮಾತಾಡುವ ಹೊಸ ಫಂಕ್ಷನ್‌ಗಳಾದ ಮೈಎಸ್‌ಕ್ಯೂಎಲ್‌ಐಗೆ ಬದಲಾಯಿಸಿದೆ, ಎರಡು ದಿನದಲ್ಲಿ ಕೆಲಸ ಮುಗಿಯಿತು. ಅಪ್‌ಗ್ರೇಡ್ ಅಂದರೆ ಇಷ್ಟೇ, ಹುಡುಕು ಮತ್ತು ಬದಲಿಸು ಅಂದುಕೊಂಡೆ. ಆ ಧೈರ್ಯವೇ ಮುಂದೆ ಮುಳುವಾಯಿತು.

7.4ಕ್ಕೆ ಭದ್ರತಾ ಬೆಂಬಲ 2022ರ ನವೆಂಬರ್ 28ಕ್ಕೆ ಮುಗಿಯಿತು. ನನಗೆ ಗಾಬರಿ. ಸಂಕ್ರಾಂತಿಗೆ ಮಂಡಿ ರಜೆ ಇದ್ದ ಹೊತ್ತು ನೋಡಿ ಉಬುಂಟು 20.04 ಅನ್ನು 22.04ಕ್ಕೆ ಏರಿಸಿದೆ. ಅದರ ಜೊತೆ ಪಿಎಚ್‌ಪಿ 8.1 ತಾನಾಗಿಯೇ ಬರುತ್ತದೆ. ಆಮೇಲೆ ಗೊತ್ತಾದದ್ದು ಏನೆಂದರೆ, ಉಬುಂಟು 20.04ರ ಜೊತೆ ಬಂದ 7.4ಕ್ಕೆ ಉಬುಂಟುವಿನವರೇ 2025ರವರೆಗೆ ಭದ್ರತಾ ತೇಪೆ ಹಾಕುತ್ತಾ ಇದ್ದರು. ಅಂದರೆ ಅಷ್ಟು ಆತುರ ಬೇಕಿರಲೇ ಇಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಹಬ್ಬದ ಊಟ ನೆಮ್ಮದಿಯಾಗಿ ಮಾಡುತ್ತಿದ್ದೆ.

ಅಪ್‌ಗ್ರೇಡ್ ಮುಗಿದು ಸರ್ವರ್ ಮತ್ತೆ ಶುರುವಾದಾಗ ಅಪಾಚೆ ಏಳಲಿಲ್ಲ. ಲಾಗ್ ನೋಡಿದರೆ, ಪಿಎಚ್‌ಪಿ 7.4ರ ಮಾಡ್ಯೂಲ್ (ಅಪಾಚೆಗೆ ಪಿಎಚ್‌ಪಿ ಓಡಿಸಲು ಬೇಕಾದ ಭಾಗ) ಹುಡುಕುತ್ತಿದೆ, ಆ ಫೈಲ್ ಇಲ್ಲ. ಸರಿ, ಹಳೆಯ ಮಾಡ್ಯೂಲ್ ತೆಗೆದುಹಾಕಿದೆ. ಅಪಾಚೆ ಎದ್ದಿತು. ಬ್ರೌಸರ್‌ನಲ್ಲಿ ಮಂಡಿಯ ಪುಟ ತೆರೆದರೆ ಲಾಗಿನ್ ಬಾಕ್ಸ್ ಬದಲು ನಾನು ಬರೆದ ಕೋಡೇ ಸಾಲುಸಾಲಾಗಿ ಕಾಣಿಸುತ್ತಿದೆ! ಹೊಸ 8.1 ಮಾಡ್ಯೂಲನ್ನು ನಾನು ಆನ್ ಮಾಡಿರಲಿಲ್ಲ. ಹಾಗಾಗಿ ಅಪಾಚೆಗೆ ಪಿಎಚ್‌ಪಿ ಫೈಲ್ ಅಂದರೆ ಬರೀ ಒಂದು ಟೆಕ್ಸ್ಟ್ ಫೈಲ್. ಡೇಟಾಬೇಸ್ ಪಾಸ್‌ವರ್ಡ್ ಇದ್ದ ಫೈಲಿನ ವಿಳಾಸ ಹಾಕಿ ನೋಡಿದೆ. ಅದೂ ಕಂಡಿತು. ಕೈಕಾಲು ತಣ್ಣಗಾದವು. ಐದೇ ನಿಮಿಷ ಹಾಗಿದ್ದದ್ದು. ಆದರೂ ಆ ರಾತ್ರಿಯೇ ಪಾಸ್‌ವರ್ಡ್ ಬದಲಾಯಿಸಿ, ಆ ಫೈಲನ್ನು ವೆಬ್ ಫೋಲ್ಡರ್‌ನಿಂದ ಹೊರಗೆ ಇಟ್ಟೆ. ಮೊದಲ ದಿನದಿಂದಲೇ ಅದು ಹೊರಗಿರಬೇಕಿತ್ತು ಅಲ್ವಾ?

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಪಿಎಚ್‌ಪಿಯ ಪ್ರತಿ ಆವೃತ್ತಿಗೂ ಅದರದೇ ಸೆಟ್ಟಿಂಗ್ ಫೈಲ್ ಇರುತ್ತದೆ. 7.4ರಲ್ಲಿ ನೀವು ಮಾಡಿಟ್ಟ ಬದಲಾವಣೆ 8.1ಕ್ಕೆ ತಾನಾಗಿ ಬರುವುದಿಲ್ಲ. ಅಪ್‌ಲೋಡ್ ಮಿತಿ ಮತ್ತೆ 2 ಎಂಬಿಗೆ ಇಳಿದಿತ್ತು. ಅದು ಹೋಗಲಿ, ಟೈಮ್‌ಜೋನ್ ಖಾಲಿ ಇತ್ತು. ಖಾಲಿ ಇದ್ದರೆ ಪಿಎಚ್‌ಪಿ ಯುಟಿಸಿ ಸಮಯ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿನ ಸಮಯ ಹಿಡಿಯುತ್ತದೆ. ಬೆಳಿಗ್ಗೆ ಹತ್ತೂವರೆಗೆ ತೂಕ ಮಾಡಿದ ಚೀಟಿಯ ಮೇಲೆ ಬೆಳಗಿನ ಜಾವ ಐದು ಗಂಟೆ ಅಂತ ಅಚ್ಚಾಗಿತ್ತು. ಇದನ್ನು ನೋಡಿದ ಒಬ್ಬ ರೈತರು, "ನಾನು ಆಗ ಇನ್ನೂ ಹಾಸಿಗೆಯಲ್ಲೇ ಇದ್ನಲ್ಲ" ಅಂದರಂತೆ.

ಎಕ್ಸ್‌ಟೆನ್ಶನ್‌ಗಳ (ಪಿಎಚ್‌ಪಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳ) ಕಥೆಯೂ ಇದೇ. ಉಬುಂಟುವಿನಲ್ಲಿ ಅವು ಬೇರೆ ಬೇರೆ ಪ್ಯಾಕೇಜ್. ನನ್ನಲ್ಲಿ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಸರಿಯಾಗಿ ಎಣಿಸುವ ಎಂಬಿಸ್ಟ್ರಿಂಗ್ ಬಿಟ್ಟುಹೋಗಿತ್ತು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದಿಲ್ಲದೆ ನಡೆಯುವುದಿಲ್ಲ. ಚೀಟಿಯ ಮೇಲೆ ಜಾಗ ಕಡಿಮೆ ಇರುವುದರಿಂದ ರೈತರ ಹೆಸರನ್ನು ಇಷ್ಟು ಅಕ್ಷರಕ್ಕೆ ಅಂತ ಕತ್ತರಿಸುತ್ತೇನೆ. ಫಂಕ್ಷನ್ ಸಿಗಲಿಲ್ಲ ಅಂತ ಪುಟ ನಿಂತಾಗ, ಆತುರಕ್ಕೆ ಎಂಬಿ ಇಲ್ಲದ ಮಾಮೂಲಿ ಫಂಕ್ಷನ್ ಹಾಕಿ ಓಡಿಸಿದೆ. ಅದು ಅಕ್ಷರ ಎಣಿಸುವುದಿಲ್ಲ, ಬೈಟ್ ಎಣಿಸುತ್ತದೆ. ಕಂಪ್ಯೂಟರ್ ಅಕ್ಷರ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೂ 3 ಬೈಟ್. 'ಕೃಷ್ಣಪ್ಪ' ಅನ್ನುವುದು ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್‌ಗೆ 8 ಚಿಹ್ನೆ, 24 ಬೈಟ್. ಹಾಗಾಗಿ 20ಕ್ಕೆ ಕತ್ತರಿಸಿದರೆ ಕೃಷ್ಣಪ್ಪನವರ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ. ಪ್ಯಾಕೇಜ್ ಹಾಕಲು ಹಿಡಿದದ್ದು ಒಂದು ನಿಮಿಷ. ಮೊದಲೇ ಹಾಕಬಹುದಿತ್ತು.

ಇಲ್ಲಿಯವರೆಗಿನದು ಸರ್ವರ್ ಗೋಳು. ಕೋಡಿನ ಗೋಳು ಬೇರೆಯೇ.

ಕಿರುಚುವ ತಪ್ಪುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈಚ್ ಫಂಕ್ಷನ್ 7.2ರಲ್ಲೇ ಎಚ್ಚರಿಕೆ ಕೊಡುತ್ತಿತ್ತು, 8ರಲ್ಲಿ ಹೋಯಿತು. ಅರೇ (ಹಲವು ಅಂಶಗಳ ಸಾಲು) ಒಳಗಿನ ಅಂಶ ತೆಗೆಯಲು ಹೂವಿನ ಬ್ರಾಕೆಟ್ ಹಾಕುತ್ತಿದ್ದ ಅಭ್ಯಾಸವೂ ಹೋಯಿತು. ಇವು ಪುಟ ತೆರೆದ ತಕ್ಷಣ ಸಾಲಿನ ನಂಬರ್ ಸಮೇತ ಕಾಣುತ್ತವೆ. ತಿದ್ದಿದರೆ ಆಯಿತು. ಎಷ್ಟು ಅಂಶ ಇವೆ ಅಂತ ಎಣಿಸುವ ಕೌಂಟ್ ಫಂಕ್ಷನ್ ಮಾತ್ರ ಸ್ವಲ್ಪ ಆಟ ಆಡಿಸಿತು. ಮೊದಲು ಅದಕ್ಕೆ ನಲ್ (ಏನೂ ಇಲ್ಲ ಅನ್ನುವ ಗುರುತು) ಕೊಟ್ಟರೆ ಎಚ್ಚರಿಕೆ ಕೊಟ್ಟು 0 ಅನ್ನುತ್ತಿತ್ತು. 8ರಲ್ಲಿ ಅಲ್ಲೇ ನಿಂತುಬಿಡುತ್ತದೆ. ನನ್ನ ದಿನದ ವರದಿ ಪುಟ ವ್ಯಾಪಾರ ಇದ್ದ ದಿನ ಚೆನ್ನಾಗಿಯೇ ಬರುತ್ತಿತ್ತು. ವ್ಯಾಪಾರ ಇಲ್ಲದ ದಿನ ಮಾತ್ರ ಬೀಳುತ್ತಿತ್ತು. ಫೋನ್ ಬಂದಾಗ ನಾನು ಪರೀಕ್ಷೆ ಮಾಡುತ್ತಿದ್ದದ್ದು ಸಹಜವಾಗಿ ವ್ಯಾಪಾರ ಇದ್ದ ದಿನದ ಮೇಲೆ! "ಇಲ್ಲಿ ಸರಿ ಇದೆಯಲ್ಲ" ಅಂತ ಎರಡು ಸಲ ಹೇಳಿ ಫೋನ್ ಇಟ್ಟಿದ್ದೇನೆ.

8.1ರಲ್ಲಿ ಮೈಎಸ್‌ಕ್ಯೂಎಲ್‌ಐ ನಡವಳಿಕೆಯೂ ಬದಲಾಗಿದೆ. ಮೊದಲು ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ತಪ್ಪಾದರೆ ಸುಮ್ನೆ ಫಾಲ್ಸ್ ಕೊಡುತ್ತಿತ್ತು, ಈಗ ಎಕ್ಸೆಪ್ಶನ್ ಎಸೆಯುತ್ತದೆ, ಅಂದರೆ ಅದನ್ನು ಯಾರೂ ಹಿಡಿಯದಿದ್ದರೆ ಕೋಡ್ ಅಲ್ಲೇ ನಿಲ್ಲುತ್ತದೆ. ಒಬ್ಬ ರೈತರ ಹೆಸರನ್ನು ಎರಡನೇ ಸಲ ಸೇರಿಸಹೋದರೆ "ಈ ಹೆಸರು ಈಗಾಗಲೇ ಇದೆ" ಅಂತ ನನ್ನ ಕೋಡ್ ಹೇಳುತ್ತಿತ್ತು. ಅಪ್‌ಗ್ರೇಡ್ ಆದ ಮೇಲೆ ಅಲ್ಲಿ ಖಾಲಿ ಬಿಳಿ ಪುಟ. ಒಂದೇ ಸಾಲಿನಲ್ಲಿ ಹಳೆಯ ರೀತಿಗೆ ಮರಳಿಸಬಹುದು. ನಾನೂ ಮೊದಲು ಹಾಗೇ ಮಾಡಿದೆ. ನಿಧಾನವಾಗಿ ಎಕ್ಸೆಪ್ಶನ್ ಹಿಡಿಯುವ ಟ್ರೈ-ಕ್ಯಾಚ್‌ಗೆ ಬದಲಾಯಿಸುತ್ತಾ ಬಂದೆ, ಈಗ ಅದೇ ವಾಸಿ ಅನ್ನಿಸುತ್ತದೆ.

ಈಗ ನನ್ನ ನಿಜವಾದ ತಕರಾರು. ಕಿರುಚದೆ ಬದಲಾದದ್ದು.

ಸಾಫ್ಟ್‌ವೇರ್ ಶುರುವಿನಲ್ಲಿ ಅಡಿಕೆಯ ಬಗೆಗೆ ನಾನು ಅಂಕಿ ಇಟ್ಟಿದ್ದೆ. 0 ಅಂದರೆ ಮಾಮೂಲಿ ಹಮಾಲಿ ದರ. ಕೆಲವು ವರ್ಷ ಆದ ಮೇಲೆ ಮಂಡಿಯವರು ಹೆಸರೇ ಕಾಣಲಿ ಅಂದರು. ರಾಶಿ, ಚಾಲಿ, ಬೆಟ್ಟೆ, ಗೊರಬಲು ಅಂತ ಹೆಸರುಗಳನ್ನೇ ಡೇಟಾಬೇಸ್‌ಗೆ ಹಾಕಿದೆ. ಆದರೆ ಹಮಾಲಿ ಲೆಕ್ಕ ಹಾಕುವ ಜಾಗದಲ್ಲಿ "ಬಗೆ == 0 ಆಗಿದ್ದರೆ ಹಮಾಲಿ ಮುರಿ" ಅನ್ನುವ ಸಾಲು ಹಾಗೇ ಉಳಿಯಿತು. ಆದರೂ ಹಮಾಲಿ ಸರಿಯಾಗಿಯೇ ಕಡಿತವಾಗುತ್ತಿತ್ತು! ಯಾಕೆ ಗೊತ್ತಾ? ಅಂಕಿಗೂ ಪದಕ್ಕೂ ಹೋಲಿಕೆ ಬಂದರೆ ಹಳೆಯ ಪಿಎಚ್‌ಪಿ ಪದವನ್ನು ಅಂಕಿ ಮಾಡಿಕೊಳ್ಳುತ್ತಿತ್ತು. 'ಚಾಲಿ'ಯಲ್ಲಿ ಅಂಕಿ ಎಲ್ಲಿದೆ? ಹಾಗಾಗಿ ಅದು 0. ಬೆಟ್ಟೆಯೂ 0, ರಾಶಿಯೂ 0. 0 ಮತ್ತು 0 ಸಮ, ಎಲ್ಲರಿಗೂ ಹಮಾಲಿ ಬಿತ್ತು. ತಪ್ಪು ಕೋಡ್, ಸರಿ ಉತ್ತರ. ವರ್ಷಗಟ್ಟಲೆ ಹೀಗೇ ನಡೆದಿದೆ.

8ರಲ್ಲಿ ಈ ನಿಯಮ ತಿರುಗಿತು. ಪದದಲ್ಲಿ ಅಂಕಿ ಇಲ್ಲದಿದ್ದರೆ, ಅಂಕಿಯನ್ನೇ ಪದ ಮಾಡಿ ಹೋಲಿಸುತ್ತದೆ. "0" ಮತ್ತು "ಚಾಲಿ" ಸಮ ಅಲ್ಲ. ನ್ಯಾಯವಾಗಿ ನೋಡಿದರೆ ಇದೇ ಸರಿ. ಆದರೆ ನನ್ನ ಮಂಡಿಯಲ್ಲಿ ಒಂದು ಬಗೆಗೂ ಹಮಾಲಿ ಕಡಿತ ಆಗಲಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಲಾಗ್‌ನಲ್ಲಿ ಒಂದಕ್ಷರ ಇಲ್ಲ. ಪಟ್ಟಿ ಚೆಂದವಾಗಿ ಅಚ್ಚಾಗುತ್ತಿತ್ತು, ಹಮಾಲಿ ಕಾಲಂ ಮಾತ್ರ ಸೊನ್ನೆ.

ಹನ್ನೊಂದು ದಿನ ಯಾರಿಗೂ ಗೊತ್ತಾಗಲಿಲ್ಲ. ರೈತರಿಗೆ ನಾಲ್ಕು ದುಡ್ಡು ಜಾಸ್ತಿ ಬಂದರೆ ಅವರು ಯಾಕೆ ಕೇಳುತ್ತಾರೆ? ಕೊನೆಗೆ ಕಂಡುಹಿಡಿದದ್ದು ಮಂಡಿಯ ರೈಟರು. ಅರವತ್ತು ದಾಟಿದವರು, ಕಂಪ್ಯೂಟರ್ ಬಂದ ಮೇಲೂ ಕೆಂಪು ಬಟ್ಟೆಯ ಪುಸ್ತಕದಲ್ಲಿ ದಿನದ ಮೊತ್ತ ಬರೆದಿಡುವವರು. ಫೋನ್ ಮಾಡಿ, "ಮಾರಾಯ, ನಿನ್ನ ಕಂಪ್ಯೂಟರ್ ಹಮಾಲರಿಗೆಲ್ಲ ರಜೆ ಕೊಟ್ಟಿದ್ಯನಾ?" ಅಂದರು. ಕೊಟ್ಟ ದುಡ್ಡನ್ನು ರೈತರ ಹತ್ತಿರ ವಾಪಸ್ ಕೇಳುವುದು ಹೇಗೆ ಅಂತ ಸಾಹುಕಾರರು ಕೇಳಲಿಲ್ಲ. ನನ್ನ ಬಿಲ್ಲಿನಲ್ಲಿ ಅರ್ಧ ಹಿಡಿದುಕೊಂಡರು. ನಾನೂ ತುಟಿ ಬಿಚ್ಚಲಿಲ್ಲ.

ಇದೇ ಜಾತಿಯದು ಇನ್ನೊಂದು. ಪಿಡಿಎಫ್ ಮಾಡುವ ಹಳೆಯ ಲೈಬ್ರರಿಯೊಂದನ್ನು ಬಳಸುತ್ತಿದ್ದೆ. ಪಿಎಚ್‌ಪಿ 4ರ ಕಾಲದಲ್ಲಿ ಕ್ಲಾಸಿನ ಹೆಸರನ್ನೇ ಫಂಕ್ಷನ್‌ಗೂ ಇಟ್ಟರೆ ಅದೇ ಕನ್‌ಸ್ಟ್ರಕ್ಟರ್, ಅಂದರೆ ಕ್ಲಾಸ್ ಬಳಸಿದ ಕೂಡಲೇ ತಾನಾಗಿ ಓಡುವ ಫಂಕ್ಷನ್. 7ರಲ್ಲಿ ಇದಕ್ಕೆ ಎಚ್ಚರಿಕೆ ಬರುತ್ತಿತ್ತು. ನಾನು ಎಚ್ಚರಿಕೆಗಳನ್ನೆಲ್ಲ ಮುಚ್ಚಿಟ್ಟಿದ್ದೆ. 8ರಲ್ಲಿ ಅದು ಬರೀ ಮಾಮೂಲಿ ಫಂಕ್ಷನ್, ತಾನಾಗಿ ಓಡುವುದಿಲ್ಲ. ಮಾರ್ಜಿನ್, ಅಕ್ಷರದ ಅಳತೆ ಒಂದೂ ಸೆಟ್ ಆಗದೆ, ಪಟ್ಟಿ ಕಾಗದದ ಎಡತುದಿಗೆ ಅಂಟಿಕೊಂಡು ಬಂತು. ಪ್ರಿಂಟರ್ ಕೆಟ್ಟಿದೆ ಅಂತ ಅವರು ಮೆಕ್ಯಾನಿಕ್‌ನನ್ನೂ ಕರೆಸಿದ್ದರು, ಪಾಪ.

ಇಷ್ಟೆಲ್ಲ ಆದ ಮೇಲೂ 4 ಅಂಕ ಯಾಕೆ? ಹಮಾಲಿ ಸಾಲನ್ನು ಮತ್ತೆ ಬರೆದದ್ದು 8ರಲ್ಲೇ ಬಂದ ಮ್ಯಾಚ್‌ನಲ್ಲಿ (ಯಾವ ಬೆಲೆಗೆ ಯಾವ ಉತ್ತರ ಅಂತ ಬರೆಯುವ ರೀತಿ). ಅದು ಮೂರು ಈಕ್ವಲ್ ಹಾಕಿದ ಹಾಗೆ ಕಟ್ಟುನಿಟ್ಟಾಗಿ ಹೋಲಿಸುತ್ತದೆ. ನಾವು ಬರೆದ ಹೆಸರುಗಳಲ್ಲಿ ಇಲ್ಲದ ಬಗೆ ಬಂದರೆ, ಉಳಿದದ್ದಕ್ಕೆಲ್ಲ ಅಂತ ಡೀಫಾಲ್ಟ್ ಹಾಕದಿದ್ದರೆ, ಅಲ್ಲೇ ನಿಂತು ಹೇಳುತ್ತದೆ. ಮೊದಲಿನಿಂದ ಇದು ಇದ್ದಿದ್ದರೆ ಆ ಹನ್ನೊಂದು ದಿನ ಬರುತ್ತಿರಲಿಲ್ಲ. ಇಂತಿಷ್ಟೇ ಹೆಸರು ಬರಬಹುದು ಅಂತ ಕಟ್ಟಿಹಾಕುವ 8.1ರ ಈನಮ್ ಅಡಿಕೆ ಬಗೆಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ಪದದೊಳಗೆ ಇನ್ನೊಂದು ಇದೆಯಾ ಅಂತ ನೋಡಲು ಇರುವ ಸ್ಟ್ರಿಂಗ್ ಕಂಟೇನ್ಸ್ ಅನ್ನು ದಿನವೂ ಬಳಸುತ್ತೇನೆ. ವೇಗದ ಬಗ್ಗೆ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕೋಡನ್ನು ಓಡುವಾಗಲೇ ಯಂತ್ರಭಾಷೆಗೆ ತಿರುಗಿಸುವ ಜೆಐಟಿ ಅಂತ ದೊಡ್ಡ ಸುದ್ದಿಯಾಗಿತ್ತು. ನನ್ನ ವರದಿಗಳಲ್ಲಿ ಸಮಯ ತಿನ್ನುವುದು ಡೇಟಾಬೇಸ್, ಪಿಎಚ್‌ಪಿ ಅಲ್ಲ. ಅಲ್ಲಿ ಏನೂ ಬದಲಾಗಲಿಲ್ಲ.

ಕಿರಿಕಿರಿ ಇನ್ನೂ ಇದೆ. 8.1ರಿಂದ ಟ್ರಿಮ್‌ನಂಥ (ಪದದ ಆಚೀಚಿನ ಖಾಲಿ ಜಾಗ ತೆಗೆಯುವ) ಫಂಕ್ಷನ್‌ಗೆ ನಲ್ ಕೊಟ್ಟರೆ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ. ಹಳೆಯ ಕೋಡ್‌ನಲ್ಲಿ ಇದು ಎಲ್ಲೆಲ್ಲೂ ಇದೆ. 8.2ರಿಂದ, ಕ್ಲಾಸಿನಲ್ಲಿ ಮೊದಲೇ ಹೇಳದ ಪ್ರಾಪರ್ಟಿ ಬಳಸಿದರೂ ಒಂದು ಸಾಲು. ಲಾಗ್ ಫೈಲ್ ಹಲಸಿನ ಹಣ್ಣಿನ ಹಾಗೆ ಊದುತ್ತದೆ. ಮುಚ್ಚಿಡಬಹುದು, ಆದರೆ ಮುಚ್ಚಿಟ್ಟು ಏನಾಯಿತು ಅಂತ ಮೇಲೆ ಹೇಳಿದ್ದೇನಲ್ಲ. ವಾರಕ್ಕೆ ಹತ್ತು ಸಾಲು ತಿದ್ದುತ್ತೇನೆ.

2025ರಲ್ಲಿ ಉಬುಂಟು 24.04ಕ್ಕೆ, ಅಂದರೆ ಪಿಎಚ್‌ಪಿ 8.3ಕ್ಕೆ ಹೋದಾಗ ಬುದ್ಧಿ ಬಂದಿತ್ತು. ಸರ್ವರ್ ಮುಟ್ಟುವ ಮೊದಲು ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ 24.04 ಹಾಕಿದೆ. ಪಿಎಚ್‌ಪಿ ಕಂಪ್ಯಾಟಿಬಿಲಿಟಿ ಅನ್ನುವ ಉಚಿತ ಉಪಕರಣದಿಂದ ಕೋಡ್ ಪೂರ್ತಿ ಜಾಲಾಡಿಸಿದೆ. ಅದು ಹೋದ ಫಂಕ್ಷನ್‌ಗಳನ್ನು ಹಿಡಿಯುತ್ತದೆ, ಹಮಾಲಿಯಂಥದ್ದನ್ನು ಹಿಡಿಯಲಾರದು. ಅದಕ್ಕೆ ಒಂದು ತಿಂಗಳ ಡೇಟಾ ತಂದು, ಅದೇ ಪಟ್ಟಿಗಳನ್ನು ಹಳೆಯ ಸರ್ವರ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ತೆಗೆದೆ. ಎರಡು ಕಡೆಯ ಮೊತ್ತವನ್ನು ಕಾಲಂ ಕಾಲಂ ಹೋಲಿಸಿದೆ. ಒಂದು ಪೈಸೆ ವ್ಯತ್ಯಾಸ ಬರಲಿಲ್ಲ. ಸರ್ವರ್ ಬದಲಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಸಂಜೆಯ ಕಾಫಿ ಹೊತ್ತಿಗೆ ಮುಗಿದಿತ್ತು. ಮರುದಿನ ಬೆಳಿಗ್ಗೆ ರೈಟರಿಗೆ ನಾನೇ ಫೋನ್ ಮಾಡಿ ಹಮಾಲಿ ಕಾಲಂ ನೋಡಿ ಅಂದೆ. ಅವರು ಆಗಲೇ ನೋಡಿದ್ದರು.

ಒಂದು ಕಡೆ ಮಾತ್ರ ಇನ್ನೂ 7.4 ಇದೆ. ಬೇರೊಂದು ಅಂಗಡಿಯವರು ಹಿಂದೆ ಯಾರಿಂದಲೋ ಕೊಂಡ ಸ್ಟಾಕ್ ಸಾಫ್ಟ್‌ವೇರ್ ಅದು. ಕೋಡನ್ನು ಓದಲಾಗದ ಹಾಗೆ ಮಾಡಿ ಕೊಟ್ಟಿದ್ದಾರೆ, ಮಾರಿದವರ ಫೋನ್ ಈಗ ಹತ್ತುವುದಿಲ್ಲ. 8ರಲ್ಲಿ ಅದು ಓಡುವುದಿಲ್ಲ, ತಿದ್ದಲು ನನಗೆ ದಾರಿ ಇಲ್ಲ. ಆ ಕಂಪ್ಯೂಟರ್‌ನ ಇಂಟರ್ನೆಟ್ ವೈರ್ ಕಿತ್ತು, ಅಂಗಡಿಯ ಒಳಗಿನ ನೆಟ್‌ವರ್ಕ್‌ಗೆ ಮಾತ್ರ ಸಿಕ್ಕಿಸಿ, ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟಿದ್ದೇನೆ. ಮೇಲೆ ಸ್ಕೆಚ್ ಪೆನ್ನಿನಲ್ಲಿ "ಅಪ್‌ಡೇಟ್ ಕೇಳಿದರೆ ಬೇಡ ಅನ್ನಿ" ಅಂತ ಬರೆದು ಅಂಟಿಸಿದೆ.